ಅಕ್ಕನಿಗೆ ಕೊಟ್ಟ ಮಾತು ಮತ್ತು ಲಂಡನ್ನಿನ ಸೈಕಲ್ ಹಾದಿ

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಮಲೇಬೆನ್ನೂರಿನಿಂದ ಅಕ್ಕನ ಫೋನ್ ಬಂತು. ಕುಶಲಪ್ರಶ್ನೆಯ ಪೀಠಿಕೆಯೇ ಇರಲಿಲ್ಲ. "ಅಲ್ಲಪ್ಪ, ಆ ಹುಡುಗಿ ಸೈಕಲ್ ತಗೊಂಡಾಳಂತೆ. ನೀನು ಡಾಕ್ಟ್ರಾಗಿ ಸುಮ್ನೆ ಕೂತಿದ್ದೀಯಲ್ಲ?"

ಆ ಹುಡುಗಿ ಎಂದರೆ ಅವಳ ಮಗಳು, ನನ್ನ ಸೋದರ ಸೊಸೆ. ಎಂ.ಎಸ್ಸಿ. ಓದಲು ಲಂಡನ್ನಿಗೆ ಬಂದು ಆಗ ಮೂರು ವಾರವಾಗಿತ್ತು. ಇರುವುದು ಸ್ಟ್ರಾಟ್‌ಫರ್ಡ್‌ನ ವಿದ್ಯಾರ್ಥಿನಿಲಯದಲ್ಲಿ, ಓದುವುದು ಮೈಲ್ ಎಂಡ್ ರಸ್ತೆಯಲ್ಲಿ. ನಡುವೆ ಸುಮಾರು ನಾಲ್ಕು ಕಿಲೋಮೀಟರು. ನೆಲದಡಿಯ ರೈಲಿನಲ್ಲಿ ಹೋದರೆ ಒಂದೇ ನಿಲ್ದಾಣ. "ಒಂದೇ ಸ್ಟೇಷನ್ನಿಗೆ ಸೈಕಲ್ ಯಾಕೆ?" ಎಂಬುದು ಅಕ್ಕನ ವಾದ. ಮಗಳ ವಾದ ಬೇರೆ. ದಿನಕ್ಕೆರಡು ಬಾರಿ ಕೊಡುವ ಟಿಕೆಟ್ಟಿನ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಮಾಮ, ನೆಲದೊಳಗೆ ಇಳಿಯೋದು, ನೆಲದಿಂದ ಮೇಲೆ ಬರೋದು. ಲಂಡನ್ ಅನ್ನೋದನ್ನ ನಾನಿನ್ನೂ ನೋಡೇ ಇಲ್ಲ" ಎಂದಿದ್ದಳು.

ಸೈಕಲ್ ಅವಳಿಗೆ ಹೊಸತಲ್ಲ. ನಮ್ಮ ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಗುತ್ತಿದ್ದ ಸೈಕಲ್ಲಿನಲ್ಲೇ ಅವಳು ಹೈಸ್ಕೂಲು ಮುಗಿಸಿದವಳು. ಭದ್ರಾ ನಾಲೆಯ ಏರಿಯ ಮೇಲೆ, ಭತ್ತದ ಲೋಡು ಹೊತ್ತ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತ ಮೂರು ವರ್ಷ ಓಡಾಡಿದ್ದಳು. ಅಕ್ಕನಿಗೆ ಆಗ ಇಲ್ಲದ ಭಯ ಈಗ ಹುಟ್ಟಲು ಕಾರಣವಿತ್ತು. ಯಾರೋ ಬಂಧುಗಳು ಮೊಬೈಲಿಗೆ ಕಳಿಸಿದ ಹಳೆಯ ಸುದ್ದಿ ಅದು. "ಬೋ ಅಂತ ಒಂದು ಸರ್ಕಲ್ ಐತಂತಲ್ಲ, ಅಲ್ಲಿ ಸೈಕಲ್‌ನೋರು ಲಾರಿ ಕೆಳಗೆ ಸಿಕ್ಕು ಸತ್ತಾರಂತೆ. ಇವಳು ಹೋಗೋದು ಅದೇ ದಾರೀಲಂತೆ. ಹೌದೋ ಅಲ್ವೋ ಹೇಳು."

ಹೌದು ಎನ್ನದೆ ಬೇರೆ ದಾರಿಯಿರಲಿಲ್ಲ. ಸುಳ್ಳು ಹೇಳಿದರೆ ಅಕ್ಕನಿಗೆ ನನ್ನ ಉಸಿರಿನಲ್ಲೇ ತಿಳಿಯುತ್ತದೆ. ಕೊನೆಗೆ ಒಂದು ಮಾತು ಕೊಟ್ಟೆ: ಮುಂದಿನ ಶನಿವಾರ ನಾನೇ ಅವಳ ಜೊತೆ ಆ ದಾರಿಯಲ್ಲಿ ಸೈಕಲ್ ತುಳಿದು ನೋಡುತ್ತೇನೆ, ನನಗೆ ಸರಿ ಕಾಣದಿದ್ದರೆ ಸೈಕಲ್ಲನ್ನು ಮಾರಿಸುತ್ತೇನೆ.

ಮಾತು ಕೊಟ್ಟ ಮೇಲೆ ನನ್ನ ಎಡಭುಜ ಒಮ್ಮೆ ಚುಳುಕ್ಕೆಂದಿತು. ಅದಕ್ಕೂ ಒಂದು ಹಿನ್ನೆಲೆಯಿದೆ.

ದಾವಣಗೆರೆಯಲ್ಲಿ ಎಂಬಿಬಿಎಸ್, ಹುಬ್ಬಳ್ಳಿಯಲ್ಲಿ ಎಂ.ಡಿ. ಮುಗಿಸಿ ನಾನು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಪೂರ್ವ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಕ್ಕರೆ ಕಾಯಿಲೆಯ ತಜ್ಞನಾಗಿದ್ದೇನೆ. ಬಂದ ಹೊಸತರಲ್ಲಿ ನಾನೂ ಆಸ್ಪತ್ರೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. 2009ರ ಒಂದು ಬೆಳಿಗ್ಗೆ ರಸ್ತೆಯ ಅಂಚಿನ ಬಿಳಿಗೆರೆಯ ಒಳಗೆ, ಕಾನೂನು ನನಗೆಂದೇ ಗೊತ್ತುಮಾಡಿದ್ದ ಪಟ್ಟಿಯಲ್ಲಿ, ಶಿಸ್ತಾಗಿ ಸಾಗುತ್ತಿದ್ದಾಗ ನಿಂತಿದ್ದ ಕಾರೊಂದರ ಬಾಗಿಲು ಫಕ್ಕನೆ ತೆರೆಯಿತು. ಎಡಗಡೆಯ ಕಾಲರ್ ಬೋನ್ ಮುರಿಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ಬ್ರೇಕ್ ಒತ್ತಿದ್ದರಿಂದ ಉಳಿದೆ. ಬಾಗಿಲು ತೆರೆದಾತ ಕ್ಷಮೆ ಕೇಳಿದ. ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲೇ ಕುಳಿತಿದ್ದ. ತಪ್ಪು ಅವನೊಬ್ಬನದೇ ಎಂದು ನನಗೆ ಅಂದೂ ಅನ್ನಿಸಲಿಲ್ಲ. ನಿಲ್ಲಿಸಿದ ಕಾರುಗಳಿಗೆ ತಾಗಿಕೊಂಡೇ ಒಂದು ಮೀಟರಿನ ಪಟ್ಟಿ ಎಳೆದು ಅದಕ್ಕೆ ಸೈಕಲ್ಲಿನ ಚಿತ್ರ ಬರೆದ ಎಂಜಿನಿಯರು ಕಾರಿಗೆ ಬಾಗಿಲಿರುತ್ತದೆಂಬುದನ್ನು ಮರೆತಿದ್ದರು. ಮೂಳೆ ಆರು ವಾರದಲ್ಲಿ ಕೂಡಿತು. ಸೈಕಲ್ಲನ್ನು ಮಾತ್ರ ನಾನು ಒಂಬತ್ತು ವರ್ಷ ಮುಟ್ಟಲಿಲ್ಲ.

ಆ ಒಂಬತ್ತು ವರ್ಷಗಳಲ್ಲಿ ಈ ಊರಿನ ರಸ್ತೆಗಳಲ್ಲಿ ನಡೆದದ್ದನ್ನು ಹೇಳದೆ ಬೋ ಸರ್ಕಲ್ಲಿನ ಕಥೆ ಅರ್ಥವಾಗುವುದಿಲ್ಲ. 2010ರಲ್ಲಿ ಬೋರಿಸ್ ಜಾನ್ಸನ್ ಮೇಯರ್ ಆಗಿದ್ದಾಗ ಲಂಡನ್ನಿಗೆ 'ಸೈಕಲ್ ಸೂಪರ್ ಹೈವೇ'ಗಳು ಬಂದವು. ಹೆಸರು ದೊಡ್ಡದು, ಆದರೆ ಬಹುಪಾಲು ಕಡೆ ಇದ್ದದ್ದು ಡಾಂಬರಿನ ಮೇಲೆ ಬಳಿದ ಉಜ್ವಲ ನೀಲಿ ಬಣ್ಣ. ಬೋದಿಂದ ಆಲ್ಡ್‌ಗೇಟ್‌ವರೆಗಿನ ಎರಡನೆಯ ಸೂಪರ್ ಹೈವೇ 2011ರ ಬೇಸಿಗೆಯಲ್ಲಿ ತೆರೆಯಿತು. ಅದೇ ವರ್ಷ ಅಕ್ಟೋಬರ್ ಮತ್ತು ನವೆಂಬರಿನಲ್ಲಿ, ಮೂರು ವಾರಗಳ ಅಂತರದಲ್ಲಿ, ಬೋ ಸರ್ಕಲ್ಲಿನಲ್ಲಿ ಇಬ್ಬರು ಸೈಕಲ್ ಸವಾರರು ಲಾರಿಗೆ ಸಿಕ್ಕಿ ಸತ್ತರು. 2013ರ ನವೆಂಬರಿನಲ್ಲಿ ಎರಡು ವಾರಗಳೊಳಗೆ ಲಂಡನ್ನಿನಲ್ಲಿ ಆರು ಮಂದಿ ಸವಾರರು ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬರು ಬೋದಲ್ಲಿ, ಹೆಚ್ಚುಕಡಿಮೆ ಅದೇ ಜಾಗದಲ್ಲಿ.

ಈ ಸಾವುಗಳ ರೀತಿ ನಮ್ಮೂರಿನವರಿಗೆ ಸುಲಭವಾಗಿ ತಿಳಿಯುತ್ತದೆ. ನಮ್ಮಲ್ಲಿಯಂತೆ ಇಲ್ಲಿಯೂ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ. ಸೈಕಲ್ಲು ರಸ್ತೆಯ ಎಡ ಅಂಚಿನಲ್ಲಿ ನೇರವಾಗಿ ಹೋಗಬೇಕು. ಅದರ ಬಲಕ್ಕಿರುವ ಲಾರಿ ಎಡಕ್ಕೆ ತಿರುಗಬೇಕು. ಎರಡೂ ಒಟ್ಟಿಗೆ ಹೊರಟರೆ ಲಾರಿಯ ಮುಂಭಾಗ ತಿರುಗಿ ಮುಗಿದರೂ ಹಿಂಭಾಗ ಒಳಕ್ಕೆ ಎಳೆದುಕೊಂಡು ಬರುತ್ತದೆ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಚಾಲಕನಿಗೆ ತನ್ನ ಎಡ ಚಕ್ರದ ಪಕ್ಕದಲ್ಲಿರುವ ಮನುಷ್ಯ ಕಾಣುವುದೇ ಇಲ್ಲ. ನೀಲಿ ಬಣ್ಣ ಸವಾರನಿಗೆ 'ಇದು ನಿನ್ನ ಜಾಗ' ಎಂದು ಹೇಳುತ್ತಿತ್ತು. ಲಾರಿಗೆ ಏನನ್ನೂ ಹೇಳುತ್ತಿರಲಿಲ್ಲ. ಔಷಧಿಯಿಲ್ಲದ ಮಾತ್ರೆ ಕೊಟ್ಟು ರೋಗಿಗೆ ಧೈರ್ಯ ಹೇಳುವುದು ನಮ್ಮ ವೃತ್ತಿಯಲ್ಲಿ ಎಷ್ಟು ಅಪಾಯಕಾರಿ ಎಂದು ಬಲ್ಲ ನನಗೆ ಆ ಬಣ್ಣ ಅಂಥದ್ದೇ ಮಾತ್ರೆಯಾಗಿ ಕಂಡಿತು.

ಆಮೇಲೆ ಬದಲಾವಣೆ ಬಂತು. ಜನ ಬೀದಿಗಿಳಿದು ಕೇಳಿದ ಮೇಲೆ ಬಂತು. ಡಚ್ಚರೂ ಹುಟ್ಟಿನಿಂದಲೇ ಸೈಕಲ್ ಪ್ರಿಯರು, ಅವರ ಊರೇ ಹಾಗೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನಲ್ಲೇ ಅಲ್ಲೊಂದು ಚಳವಳಿ ನಡೆಯಿತು. ಇಂದು ನಾವು ಮೆಚ್ಚಿ ಫೋಟೋ ತೆಗೆಯುವ ಹಾದಿಗಳ ಹಿಂದೆ ಆ ತಾಯ್ತಂದೆಯರ ಒತ್ತಾಯವಿದೆ. ಇಂಗ್ಲೆಂಡಿನ ಕಥೆ ಇನ್ನೂ ವಿಚಿತ್ರ. 1934ರಷ್ಟು ಹಿಂದೆಯೇ ಪಶ್ಚಿಮ ಲಂಡನ್ನಿನ ವೆಸ್ಟರ್ನ್ ಅವೆನ್ಯೂದಲ್ಲಿ ಪ್ರತ್ಯೇಕ ಸೈಕಲ್ ಹಾದಿಯನ್ನು ಸಾರಿಗೆ ಸಚಿವರೇ ಉದ್ಘಾಟಿಸಿದ್ದರು. ಆಗ ಅದನ್ನು ವಿರೋಧಿಸಿದವರು ಸೈಕಲ್ ಸವಾರರ ಸಂಘದವರೇ! ಹಾದಿ ಕೊಟ್ಟು ಕೊನೆಗೆ ರಸ್ತೆಯ ಹಕ್ಕನ್ನೇ ಕಿತ್ತುಕೊಂಡಾರು ಎಂಬುದು ಅವರ ಅಂಜಿಕೆ.

ವಿರೋಧಿಸಿದವರನ್ನು ನಾನು ಹಗುರವಾಗಿ ಕಾಣಲಾರೆ, ಏಕೆಂದರೆ ನಾನೂ ಅವರಲ್ಲೊಬ್ಬನಾಗಿದ್ದೆ. 2014ರಲ್ಲಿ ಹೊರ ಲಂಡನ್ನಿನ ಎನ್‌ಫೀಲ್ಡ್, ಕಿಂಗ್‌ಸ್ಟನ್ ಮತ್ತು ನಾನಿರುವ ವಾಲ್ಥಮ್ ಫಾರೆಸ್ಟ್ ಬರೋಗಳು 'ಮಿನಿ ಹಾಲೆಂಡ್' ಯೋಜನೆಗೆ ಆಯ್ಕೆಯಾದವು. ಒಳರಸ್ತೆಗಳ ಬಾಯಿಗೆ ಕಂಬ ನೆಟ್ಟರು, ಆರ್ಫರ್ಡ್ ರಸ್ತೆಯಲ್ಲಿ ಹಗಲು ಹೊತ್ತು ಕಾರು ನಿಷೇಧಿಸಿದರು. 2015ರಲ್ಲಿ ಅಂಗಡಿಬೀದಿ ಸತ್ತಿತೆಂದು ಶವಪೆಟ್ಟಿಗೆ ಹೊತ್ತು ಪ್ರತಿಭಟಿಸಿದರು. ನಾನು ಪೆಟ್ಟಿಗೆ ಹೊರಲಿಲ್ಲ, ಆದರೆ ವಿರೋಧದ ಅರ್ಜಿಗೆ ಸಹಿ ಹಾಕಿದ್ದೆ. ಆಸ್ಪತ್ರೆಗೆ ಕಾರಿನಲ್ಲಿ ಹೋಗಲು ಹತ್ತು ನಿಮಿಷ ಹೆಚ್ಚಾಗುತ್ತದೆಂಬ ಸಿಟ್ಟಿನಲ್ಲಿ. ಇಂದು ಆರ್ಫರ್ಡ್ ರಸ್ತೆಯಲ್ಲಿ ಶನಿವಾರ ಕಾಫಿಗೆ ಕುಳಿತುಕೊಳ್ಳಲು ಜಾಗ ಸಿಗುವುದಿಲ್ಲ. ಸಹಿ ಹಾಕಿದ್ದನ್ನು ನನ್ನ ಹೆಂಡತಿ ಈಗಲೂ ಅಲ್ಲಿ ಕುಳಿತಾಗಲೆಲ್ಲ ನೆನಪಿಸುತ್ತಾಳೆ.

ಮನಸ್ಸು ಬದಲಾಯಿಸಿದ್ದು ನನ್ನ ಕ್ಲಿನಿಕ್ಕು. ನಮ್ಮ ಕಡೆಯವರಿಗೆ, ಎಂದರೆ ದಕ್ಷಿಣ ಏಷ್ಯಾ ಮೂಲದವರಿಗೆ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಬರುತ್ತದೆ. ಇಲ್ಲಿನ ಮಾರ್ಗಸೂಚಿ ನಮ್ಮವರಿಗೆ ಬಿಎಂಐ 23 ದಾಟಿದೊಡನೆಯೇ ಎಚ್ಚರಿಕೆ ಹೇಳುತ್ತದೆ. ಬಿಳಿಯರಿಗೆ ಆ ಗಡಿ 25. ಹಾಗಾಗಿ ವಾರಕ್ಕೆ 150 ನಿಮಿಷ ಮೈಬೆವರುವ ನಡಿಗೆಯೋ ಸೈಕಲ್ಲೋ ಬೇಕು ಎಂದು ದಿನಕ್ಕೆ ಹತ್ತು ಬಾರಿ ಹೇಳುತ್ತೇನೆ. ಐವತ್ತು ದಾಟಿದ ಬಾಂಗ್ಲಾ ಮೂಲದ ಮಹಿಳೆಯೊಬ್ಬರು ಒಮ್ಮೆ ಕೇಳಿದರು: "ಡಾಕ್ಟರೇ, ಚಿಕ್ಕವಳಿದ್ದಾಗ ನಾನೂ ಸೈಕಲ್ ತುಳಿದವಳೇ. ಈ ಊರಲ್ಲಿ ಎಲ್ಲಿ ತುಳಿಯಲಿ? ನೀವು ತುಳಿಯುತ್ತೀರಾ?" ನಾನು ಇಲ್ಲ ಎಂದೆ. ಅವರು ನಕ್ಕರು. ಆ ನಗು ನನ್ನ ಔಷಧಚೀಟಿಯ ಮೇಲೆ ಬಿದ್ದ ಗೀಟಿನಂತಿತ್ತು.

ನಮ್ಮ ಭಾಗದ ಮಿನಿ ಹಾಲೆಂಡ್ ಕುರಿತ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಕಾಮಗಾರಿ ಹೆಚ್ಚು ನಡೆದ ಪ್ರದೇಶಗಳ ನಿವಾಸಿಗಳು ಒಂದು ವರ್ಷದ ಬಳಿಕ, ಅಂಥ ಯೋಜನೆಯಿಲ್ಲದ ಕಡೆಯವರಿಗೆ ಹೋಲಿಸಿದರೆ, ವಾರಕ್ಕೆ 41 ನಿಮಿಷ ಹೆಚ್ಚು ನಡಿಗೆ-ಸೈಕಲ್ಲು ಮಾಡುತ್ತಿದ್ದರು. ಅದರಲ್ಲಿ 32 ನಿಮಿಷ ನಡಿಗೆ, 9 ನಿಮಿಷ ಸೈಕಲ್ಲು. ಸೈಕಲ್ಲಿಗೆಂದು ಮಾಡಿದ ರಸ್ತೆಯ ಹೆಚ್ಚಿನ ಲಾಭ ಪಾದಚಾರಿಗೆ ದಕ್ಕಿತೆಂಬುದು ನನಗೆ ಬಹಳ ಹಿಡಿಸಿತು. 41 ನಿಮಿಷವೆಂದರೆ ನಾನು ಬರೆದುಕೊಡುವ 150ರಲ್ಲಿ ಕಾಲು ಭಾಗಕ್ಕೂ ಮಿಗಿಲು. ಯಾವ ಉಪದೇಶದಿಂದಲೂ ನನ್ನ ರೋಗಿಗಳಿಂದ ಅಷ್ಟು ಹೊರಡಿಸಲು ನನಗೆ ಆಗಿರಲಿಲ್ಲ. 2018ರಲ್ಲೇ, ಲೀ ಬ್ರಿಜ್ ರಸ್ತೆಯ ಬದಿಗೆ ಕಲ್ಲಿನ ಅಂಚುಳ್ಳ ಹಾದಿ ಬಂದ ಮೇಲೆ, ಗ್ಯಾರೇಜಿನ ಧೂಳು ಒರೆಸಿ ನನ್ನ ಸೈಕಲ್ಲನ್ನು ಹೊರತೆಗೆದೆ.

ಇಷ್ಟೆಲ್ಲ ಆಗಿದ್ದರೂ ಬೋ ಸರ್ಕಲ್ಲನ್ನು ನಾನು ಸೈಕಲ್ಲಿನಲ್ಲಿ ದಾಟಿರಲೇ ಇಲ್ಲ. ಮಾತು ಕೊಟ್ಟ ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾವಿಬ್ಬರೂ ಸ್ಟ್ರಾಟ್‌ಫರ್ಡ್‌ನಿಂದ ಹೊರಟೆವು. ಅವಳು ಮುಂದೆ, ನಾನು ಹಿಂದೆ. ಸ್ಟ್ರಾಟ್‌ಫರ್ಡ್ ಹೈಸ್ಟ್ರೀಟಿನಲ್ಲಿ ಸೈಕಲ್ ಹಾದಿಗೂ ಮುಖ್ಯ ರಸ್ತೆಗೂ ನಡುವೆ ಕಲ್ಲಿನ ಅಂಚಿದೆ. ಬಸ್ ನಿಲ್ದಾಣ ಬಂದಲ್ಲಿ ಹಾದಿ ಅದರ ಹಿಂಬದಿಯಿಂದ ಬಳಸಿ ಹೋಗುತ್ತದೆ. ಬಸ್ಸು ಅಡ್ಡ ಬರುವ ಪ್ರಮೇಯವೇ ಇಲ್ಲ. ಹುಡುಗಿ ಹಾಡು ಗುನುಗುತ್ತ ಹೋಗುತ್ತಿದ್ದಳು.

ಬೋ ಬಂತು. ನೆತ್ತಿಯ ಮೇಲೆ ಫ್ಲೈಓವರು, ಕೆಳಗೆ ವೃತ್ತ. ಎಡಕ್ಕೆ ಬ್ಲ್ಯಾಕ್‌ವಾಲ್ ಸುರಂಗದ ಕಡೆಗೆ ಹೋಗುವ ಹೆದ್ದಾರಿ. ಲಾರಿಗಳು ತಿರುಗುವುದು ಅಲ್ಲೇ. ವೃತ್ತದ ಬಾಯಲ್ಲಿ ಸೈಕಲ್ಲುಗಳಿಗೇ ಪ್ರತ್ಯೇಕ ಸಿಗ್ನಲ್ಲಿದೆ. ಮೊದಲ ಇಬ್ಬರ ಸಾವಿನ ಬಳಿಕ, 2012ರಲ್ಲಿ, ಇಲ್ಲಿ ಸವಾರರಿಗೆ ವಾಹನಗಳಿಗಿಂತ ಕೆಲವು ಸೆಕೆಂಡು ಮೊದಲೇ ಹಸಿರು ದೀಪ ಕೊಡುವ ವ್ಯವಸ್ಥೆ ಮಾಡಿದರು. ಮೊದಲು ನಿಲ್ಲಬೇಕು, ನಂತರ ಮುಂದಿನ ಚೌಕದೊಳಗೆ ಹೋಗಬೇಕು, ಅಲ್ಲಿ ಮತ್ತೆ ದೀಪ ನೋಡಬೇಕು. ಮೊದಲ ಸಲ ನನಗೆ ಗೊಂದಲವೇ ಆಯಿತು. ಅವಳು ಮಾತ್ರ ಕಾಲೂರಿ ನಿಂತು ಯಾವ ದೀಪ ಯಾರದೆಂದು ಎರಡು ಸುತ್ತು ನೋಡಿದಳು. ಒಂದು ಸಿಮೆಂಟ್ ಮಿಕ್ಸರ್ ಲಾರಿ ನಮ್ಮ ಬಲಕ್ಕೆ ಬಂದು ನಿಂತಿತು. ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ನಮ್ಮ ದೀಪ ಹಸಿರಾಯಿತು. ಲಾರಿಯದು ಇನ್ನೂ ಕೆಂಪು. ನಾವು ಆಚೆ ತಲುಪಿದ ಮೇಲೆ ಅದು ಗುರುಗುಟ್ಟಿ ಎಡಕ್ಕೆ ತಿರುಗಿತು.

ಬೋ ರಸ್ತೆಯಲ್ಲಿ 2016ರ ಸುಮಾರಿಗೆ ಹಳೆಯ ನೀಲಿ ಪಟ್ಟಿಯ ಜಾಗದಲ್ಲಿ ಬಹುಪಾಲು ಅಂಚುಗಲ್ಲಿನ ಹಾದಿ ಬಂದಿದೆ. ಕೆಲವು ಅಡ್ಡರಸ್ತೆಗಳಲ್ಲಿ ಸೈಕಲ್ಲು ಸಾಗುವಾಗ ಎಡಕ್ಕೆ ತಿರುಗುವ ವಾಹನಗಳಿಗೆ ಕೆಂಪು ದೀಪವೇ ಇರುತ್ತದೆ. ಬಲಕ್ಕೆ ಹೋಗಬೇಕಾದ ಸವಾರ ನಾಲ್ಕು ಸಾಲು ವಾಹನಗಳ ನಡುವೆ ನುಗ್ಗಬೇಕಿಲ್ಲ. ನೇರ ದಾಟಿ ನಿಂತು, ಎರಡನೆಯ ಹಸಿರಿಗೆ ತಿರುಗಿದರಾಯಿತು. ನನ್ನ ಅಭಿಪ್ರಾಯದಲ್ಲಿ ಸೈಕಲ್ ಹಾದಿಯ ಯೋಗ್ಯತೆ ತಿಳಿಯುವುದು ಇಂಥ ಕೂಡುರಸ್ತೆಗಳಲ್ಲಿ. ನೇರ ರಸ್ತೆಯಲ್ಲಿ ಹಾದಿ ಹಾಸಿ ಸರ್ಕಲ್ಲು ಬಂದೊಡನೆ ಸವಾರನನ್ನು ಕೈಬಿಡುವುದು, ಹೊಳೆಯ ನಡುವೆ ದೋಣಿಯಿಂದ ಇಳಿಸಿದ ಹಾಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್ ಪಥ ಬಂದಾಗ ನಾನು ಇಲ್ಲಿಂದಲೇ ಹಿಗ್ಗಿದ್ದೆ. ಊರಿಗೆ ಬಂದಾಗ ಹೋಗಿ ನೋಡಿದರೆ ನಾನು ನಿಂತ ಕಡೆ ಅದರ ಮೇಲೆ ಮೋಟರ್ ಬೈಕುಗಳು ಓಡುತ್ತಿದ್ದವು.

ಲಾರಿಗಳ ಮೇಲೂ ಲಂಡನ್ನು ಕೈಯಿಟ್ಟಿದೆ. ಹನ್ನೆರಡು ಟನ್ನಿಗಿಂತ ಭಾರದ ಲಾರಿಗಳಿಗೆ, ಚಾಲಕನಿಗೆ ಸುತ್ತಲಿನದು ಎಷ್ಟು ನೇರವಾಗಿ ಕಾಣುತ್ತದೆಂಬುದರ ಮೇಲೆ ನಕ್ಷತ್ರಗಳ ಶ್ರೇಣಿ ಕೊಟ್ಟು ಪರವಾನಗಿ ನೀಡುವ ಪದ್ಧತಿ 2021ರ ಮಾರ್ಚಿನಿಂದ ಜಾರಿಯಲ್ಲಿದೆ; 2024ರ ಅಕ್ಟೋಬರಿನಿಂದ ನಿಯಮ ಇನ್ನಷ್ಟು ಬಿಗಿಯಾಗಿದೆ. ನನ್ನ ಮೂಳೆ ಮುರಿದ ಬಾಗಿಲಿಗೂ ಈಗೊಂದು ಸೂತ್ರ ಬಂದಿದೆ. 2022ರ ಜನವರಿಯಲ್ಲಿ ತಿದ್ದಿದ ರಸ್ತೆ ಸಂಹಿತೆಯ ಪ್ರಕಾರ ಕಾರಿನ ಬಾಗಿಲನ್ನು ಅದರ ಪಕ್ಕದ ಕೈಯಿಂದ ತೆರೆಯದೆ ಆಚೆಯ ಕೈಯಿಂದ ತೆರೆಯಬೇಕು; ಆಗ ದೇಹ ತಾನಾಗಿ ತಿರುಗಿ ಕಣ್ಣು ಹಿಂದಕ್ಕೆ ಹೋಗುತ್ತದೆ. ದಯವಿಟ್ಟು ಊರಿನಲ್ಲೂ ಇದನ್ನು ರೂಢಿ ಮಾಡಿಕೊಳ್ಳಿ, ಖರ್ಚಿಲ್ಲದ ವಿದ್ಯೆ.

ಎಲ್ಲವೂ ಸರಿಹೋಗಿದೆ ಎಂದು ಹೇಳಿದರೆ ನನ್ನ ಮತ್ತೊಬ್ಬ ರೋಗಿಗೆ ಅನ್ಯಾಯ ಮಾಡಿದಂತಾಗುತ್ತದೆ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಬಹಳ ಮಸುಕಾದ ಹಿರಿಯರು ಅವರು. ಬಸ್ ನಿಲ್ದಾಣದ ಹಿಂಬದಿ ಬಳಸುವ ಹಾದಿಯನ್ನು ನಾನು ಹೊಗಳಿದೆನಲ್ಲ, ಅವರಿಗೆ ಅದೇ ಕಂಟಕ. ಬಸ್ಸು ಹಿಡಿಯಬೇಕಾದರೆ ಸದ್ದಿಲ್ಲದೆ ಬರುವ ಸೈಕಲ್ಲುಗಳ ಹಾದಿಯನ್ನು ದಾಟಬೇಕು. ಇಂಥ ನಿಲ್ದಾಣಗಳಲ್ಲಿ ಗಾಯದ ಸಂಭವ ಕಡಿಮೆ ಎಂದು 2024ರ ಪರಿಶೀಲನಾ ವರದಿ ಹೇಳಿದೆ. ಹಾಗೆಂದೇ ಅವರಿಗೆ ಹೇಳಿದೆ. "ಡಾಕ್ಟರೇ, ನಾನು ಆ ಬಸ್ಸು ಹಿಡಿಯುವುದನ್ನೇ ಬಿಟ್ಟಿದ್ದೇನೆ. ಗಾಯವಾಗುವುದು ಹೇಗೆ?" ಎಂದರು. ಉತ್ತರ ಹೊಳೆಯಲಿಲ್ಲ. ಅಲ್ಲಿ ಪಟ್ಟೆ ದಾಟುದಾರಿಯಿರುತ್ತದೆ, ಸವಾರ ನಿಲ್ಲಬೇಕು; ನಿಲ್ಲದವರನ್ನು ನಾನೇ ಕಂಡಿದ್ದೇನೆ. ಅಂದಿನಿಂದ ನಾನು ನಿಲ್ಲುತ್ತೇನೆ, ಸೊಸೆಗೂ ನಿಲ್ಲಲು ಹೇಳಿದ್ದೇನೆ.

ಸುಲಭಲಭ್ಯತೆ ಎಂಬ ಮಾತು ಸವಾರರ ಒಳಗೂ ಅನ್ವಯಿಸುತ್ತದೆ. ಕಾಲಿನ ಬೆರಳು ಕಳೆದುಕೊಂಡು ಸಮತೋಲನ ತಪ್ಪಿದವರು ಮೂರು ಚಕ್ರದ ಸೈಕಲ್ಲಿನಲ್ಲಿ ಹಾಯಾಗಿ ಹೋಗಬಲ್ಲರು. ಆದರೆ ಉದ್ಯಾನದ ಬಾಯಲ್ಲಿ ಮೋಟರ್ ಬೈಕು ತಡೆಯಲೆಂದು ಇಟ್ಟ ಕಬ್ಬಿಣದ ತಡೆಯಲ್ಲಿ ಸಿಕ್ಕಿಬೀಳುತ್ತಾರೆ. 2020ರ ಜುಲೈನಲ್ಲಿ ಇಂಗ್ಲೆಂಡಿನ ಸರ್ಕಾರ ಪ್ರಕಟಿಸಿದ ವಿನ್ಯಾಸ ಮಾರ್ಗದರ್ಶಿ 2.8 ಮೀಟರು ಉದ್ದ, 1.2 ಮೀಟರು ಅಗಲದ ಸೈಕಲ್ಲು ಹೋಗುವಂತೆ ಹಾದಿ ಮಾಡಿ, ಕಂಬಗಳ ನಡುವೆ 1.5 ಮೀಟರು ಬಿಡಿ ಎನ್ನುತ್ತದೆ. ಹಳೆಯ ತಡೆಗಳು ಇನ್ನೂ ಅನೇಕ ಕಡೆ ನಿಂತೇ ಇವೆ.

ಇಲ್ಲಿಗೆ ಓದಲು ಬರುವ ಮಕ್ಕಳು ಮತ್ತು ಅವರ ತಾಯ್ತಂದೆಯರು ಪತ್ರ ಬರೆದು ಕೇಳುವುದರಿಂದ ಕೆಲವು ಮಾತು. ಲಂಡನ್ನಿನ ಅನೇಕ ಕೌನ್ಸಿಲ್‌ಗಳು ಅಲ್ಲಿ ವಾಸಿಸುವ ಅಥವಾ ಓದುವ ವಯಸ್ಕರಿಗೆ ಉಚಿತವಾಗಿ ಇಲ್ಲವೇ ಅಲ್ಪ ಶುಲ್ಕಕ್ಕೆ ಸೈಕಲ್ ತರಬೇತಿ ಕೊಡುತ್ತವೆ. ನಾಲೆ ಏರಿಯ ಅನುಭವವಿದ್ದರೂ ಮೊದಲು ಅದನ್ನು ಮುಗಿಸಿ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ; ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆಂಬುದು ನೆನಪಿರಲಿ. ಹೆಲ್ಮೆಟ್ ಕಾನೂನಿನಲ್ಲಿ ಕಡ್ಡಾಯವಲ್ಲ, ಅಕ್ಕನ ಕಾನೂನಿನಲ್ಲಿ ಕಡ್ಡಾಯ. ನಾನು ಅಕ್ಕನ ಪಕ್ಷ. ಪಾದಚಾರಿ ಮಾರ್ಗದಲ್ಲಿ ತುಳಿದರೆ 50 ಪೌಂಡು ದಂಡ ಬೀಳಬಹುದು. ಬೀಗಕ್ಕೆ ಮಾತ್ರ ಜಿಪುಣತನ ಬೇಡ. ಎಲ್ಲಕ್ಕಿಂತ ಮುಖ್ಯವಾದದ್ದು: ನಿಂತ ಲಾರಿಯ ಎಡಪಕ್ಕದಿಂದ ನುಸುಳಿ ಮುಂದೆ ಹೋಗಲೇಬೇಡಿ, ಎಷ್ಟೇ ಜಾಗ ಕಂಡರೂ.

ಆ ಶನಿವಾರ ಸಂಜೆ ಅಕ್ಕನಿಗೆ ಫೋನ್ ಮಾಡಿ ಕಂಡದ್ದನ್ನು ಕಂಡಂತೆ ಹೇಳಿದೆ. ಲಾರಿ ಬಂದು ನಿಂತದ್ದನ್ನೂ ಬಚ್ಚಿಡಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, "ನಿನ್ನ ಮಗಳಾಗಿದ್ರೆ ಕಳಿಸ್ತಿದ್ಯಾ?" ಎಂದಳು. ನಾನು ಕಳಿಸುತ್ತಿದ್ದೆ ಎಂದೆ; ಹಾಗೆ ಹೇಳುವ ಮುನ್ನ ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ದಿನವೂ ಆ ಸರ್ಕಲ್ಲು ದಾಟಿ, ಸೈಕಲ್ಲಿನಿಂದಿಳಿದು ನಮ್ಮಿಬ್ಬರಿಗೂ ಸಂದೇಶ ಕಳಿಸಬೇಕು. ಅಂದಿನಿಂದ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದೇ ಪದ ಬರುತ್ತದೆ: 'ದಾಟಿದೆ.'

ನವೆಂಬರಿನ ಒಂದು ಮಂಗಳವಾರ ಒಂಬತ್ತೂಕಾಲಾದರೂ ಅದು ಬರಲಿಲ್ಲ. ನಾನು ವಾರ್ಡಿನಲ್ಲಿ ರೌಂಡ್ಸ್ ಮಾಡುತ್ತಿದ್ದೆ. ಜೇಬಿನಲ್ಲಿ ಫೋನು ಮೂರು ಬಾರಿ ಕಂಪಿಸಿತು, ಮೂರೂ ಅಕ್ಕನವೇ. ರೋಗಿಯೊಬ್ಬರ ಮುಂದೆ ನಿಂತು ಅವರ ಸಕ್ಕರೆಯ ಅಂಕಿಗಳನ್ನು ಓದುತ್ತಿದ್ದೆ, ಒಂದೂ ತಲೆಗೆ ಹೋಗಲಿಲ್ಲ. ಕೊನೆಗೆ ಒಂಬತ್ತು ಮೂವತ್ತೈದಕ್ಕೆ ಹುಡುಗಿಯೇ ಫೋನ್ ಮಾಡಿದಳು. ದಾರಿಯಲ್ಲಿ ಪೈಪಿನ ಕೆಲಸಕ್ಕೆಂದು ಯಾರೋ ಗುತ್ತಿಗೆದಾರರು ಸೈಕಲ್ ಹಾದಿಯನ್ನು ಅಗೆದು, 'ಸವಾರರು ಇಳಿದು ನಡೆಯಿರಿ' ಎಂದು ಕೆಂಪು ಫಲಕ ನಿಲ್ಲಿಸಿದ್ದರಂತೆ. ಬದಲಿ ದಾರಿ ತೋರಿಸಿರಲಿಲ್ಲ. ಮುಂದಿದ್ದ ಇಬ್ಬರು ಬಸ್ಸುಗಳ ನಡುವೆ ರಸ್ತೆಗೆ ಇಳಿದರಂತೆ. ಇವಳು ಇಳಿಯದೆ ಸೈಕಲ್ಲನ್ನು ತಳ್ಳಿಕೊಂಡು ಪಾದಚಾರಿ ಮಾರ್ಗದಲ್ಲಿ ಅರ್ಧ ಮೈಲಿ ನಡೆದಿದ್ದಳು. ಫೋನು ಬ್ಯಾಗಿನ ತಳದಲ್ಲಿತ್ತು.

ಅವಳು ತೆಗೆದ ಫೋಟೋ ಹಚ್ಚಿ ಸಂಬಂಧಪಟ್ಟ ಕಚೇರಿಗೆ ನಾನು ದೂರು ಬರೆದೆ. ಕಾರುಗಳಿಗೆ ಬದಲಿ ದಾರಿಯ ಫಲಕವಿಲ್ಲದೆ ಒಂದು ದಿನವಾದರೂ ರಸ್ತೆ ಮುಚ್ಚುತ್ತೀರಾ ಎಂದು ಕೇಳಿದೆ. ದೂರು ತಲುಪಿದೆ ಎಂಬ ಉತ್ತರವಷ್ಟೇ ಬಂತು. ಹನ್ನೊಂದು ದಿನದ ಬಳಿಕ ಗುಂಡಿ ಮುಚ್ಚಿದರು. ಈ ದಿನ ಬೆಳಿಗ್ಗೆ 8.52ಕ್ಕೆ 'ದಾಟಿದೆ' ಬಂದಿದೆ. ಅದರ ಕೆಳಗೆ ಅಕ್ಕ ಬರೆದಿದ್ದಾಳೆ: "ಸಂಜೇದೂ ಹಾಕು."